ಹಳೆಯದಾಗಿಯೇ ಹುಟ್ಟಿದ ಗಿಟಾರು

ನಮ್ಮ ಮಾಸ್ಟರ್ ತೀರಿಕೊಂಡು ತಿಂಗಳಾಗುತ್ತ ಬಂತು. ಸಿಂಧನೂರಿನಲ್ಲಿ ಅವರಿಗಾಗಿ ನಡೆದ ನುಡಿನಮನದಲ್ಲಿ ನಾನು ಆಡಿದ ಎರಡು ಮಾತಿಗೆ ಕೆಲವರು ಇನ್ನೂ ಮುಖ ಗಂಟಿಕ್ಕಿಕೊಂಡಿದ್ದಾರಂತೆ. ಸತ್ತವರ ಬಗ್ಗೆ ಹಾಗೆ ಮಾತಾಡಬಾರದಿತ್ತು ಎಂದು ಲಿಂಗಸುಗೂರಿನ ನನ್ನ ಮನೆಯ ತನಕ ಫೋನು ಬಂತು. ಬದುಕಿರುವವರ ಬಗ್ಗೆ ಬೇಕಾದಷ್ಟು ಸುಳ್ಳು ಹೇಳಬಹುದು, ಸತ್ತವರ ಬಗ್ಗೆ ಮಾತ್ರ ನಿಜ ಹೇಳಬಾರದು ಎನ್ನುವುದು ನಮ್ಮ ಕಡೆಯ ಸಂಸ್ಕಾರ. ಆಗಲಿ. ನನ್ನ ಎಡ ಹುಬ್ಬಿನ ಮೇಲೆ ಒಂದು ಗಾಯದ ಗುರುತಿದೆ. ಅದು ನನ್ನದು. ಆ ಗುರುತಿನ ಕಥೆಯನ್ನು ಅವರು ತಮ್ಮ ಗಿಟಾರಿಗೆ ಕೊಟ್ಟುಬಿಟ್ಟರು. ನನ್ನ ತಕರಾರು ಇರುವುದು ಇಷ್ಟೇ. ಅವರ ಹೆಸರನ್ನು ಇಲ್ಲಿ ಬರೆಯುವುದಿಲ್ಲ. ಬರೆಯದಿದ್ದರೂ ಸಿಂಧನೂರಿನವರಿಗೆ ಗೊತ್ತಾಗುತ್ತದೆ, ಉಳಿದವರಿಗೆ ಗೊತ್ತಾಗಬೇಕಾಗಿಲ್ಲ.

ಅವರು ಬಟ್ಟೆ ವ್ಯಾಪಾರಿ. ತಂದೆಯಿಂದ ಬಂದ ಅಂಗಡಿ, ಮನೆಯಲ್ಲಿ ತಪ್ಪದ ಲಿಂಗಪೂಜೆ, ಸೋಮವಾರದ ಭಜನೆ. ಅಂಗಡಿಯ ಗಾದಿಯ ಮೇಲೆ ಕುಳಿತಾಗ ಸಾಹುಕಾರ್ರು. ಗಾದಿಯಿಂದ ಇಳಿದು ರಸಮಂಜರಿ ತಂಡದ ವ್ಯಾನು ಹತ್ತಿದರೆ ಮಾಸ್ಟರ್ರು. ಮದುವೆ, ಗಣಪತಿ, ಅಂಗಡಿ ಉದ್ಘಾಟನೆ, ಯಾರು ಕರೆದರೂ ನಮ್ಮ ತಂಡ ಹೋಗುತ್ತಿತ್ತು. ಲೀಡ್ ಗಿಟಾರು ಅವರದು, ಹಾಡು ನನ್ನದು. ನಾನು ಮಸ್ಕಿಯ ಹುಡುಗಿ, ಆಗಿನ್ನೂ ಕಾಲೇಜಿನಲ್ಲಿದ್ದೆ.

ಅವರ ಕಿವಿಯ ಬಗ್ಗೆ ನಾನು ಕಡಿಮೆ ಮಾಡಿ ಹೇಳುವುದಿಲ್ಲ. ಅಂಗಡಿಯಲ್ಲಿ ಗಿರಾಕಿಗೆ ಸೀರೆ ಬಿಚ್ಚಿ ತೋರಿಸುತ್ತಲೇ, ಹಿಂದಿನ ಕೋಣೆಯಲ್ಲಿ ತಾಲೀಮು ಮಾಡುತ್ತಿದ್ದ ನಮ್ಮಲ್ಲಿ ಯಾರ ತಂತಿ ಇಳಿದಿದೆ ಎಂದು ಕೂಗಿ ಹೇಳುತ್ತಿದ್ದರು. ಕಾರ್ಯಕ್ರಮ ಎಷ್ಟೇ ದೂರವಿರಲಿ, ನನ್ನನ್ನು ಮಸ್ಕಿಗೆ ಬಿಟ್ಟು, ನಮ್ಮವ್ವ ಬಾಗಿಲು ತೆಗೆದದ್ದನ್ನು ನೋಡಿಯೇ ಗಾಡಿ ತಿರುಗಿಸುತ್ತಿದ್ದರು. ಇಂಥ ಮನುಷ್ಯ ಕೆಟ್ಟವರಾಗಿರಲಿಲ್ಲ. ಕೆಟ್ಟವರಾಗಿದ್ದರೆ ನಾನು ಇಷ್ಟು ಸಿಟ್ಟಾಗುತ್ತಿರಲಿಲ್ಲ.

ಆದರೆ ಶೋಕಿ. ಅದೊಂದು ಅವರನ್ನು ತಿಂದುಹಾಕಿತು. ತಲೆಗೂದಲ ಬುಡ ಬೆಳ್ಳಗಾಗಲು ಒಂದು ದಿನವೂ ಬಿಡದೆ ಕಪ್ಪು ಬಳಿಯುತ್ತಿದ್ದರು. ಮೊಣಕಾಲು ಹರಿದ ಜೀನ್ಸ್ ಪ್ಯಾಂಟುಗಳನ್ನು ಸಿಂಧನೂರಿಗೆ ಮೊದಲು ತಂದವರು ತಾವೇ ಎಂದು ಅವರಿಗೆ ಬಹಳ ಅಭಿಮಾನ. ಒಮ್ಮೆ ಹಳ್ಳಿಯ ಹೆಣ್ಣುಮಗಳೊಬ್ಬಳು ಮಗನಿಗೆ ಪ್ಯಾಂಟು ಕೊಳ್ಳಲು ಬಂದು, ಅದನ್ನು ತಿರುಗಿಸಿ ಮುರುಗಿಸಿ ನೋಡಿ ಕೇಳಿದಳು:

"ಸಾಹುಕಾರ್ರ, ಇದು ಹರದೈತಲ್ಲರೀ. ಹರದದ್ದಕ್ಕ ರೊಕ್ಕ ಹೆಚ್ಚು ಹೆಂಗ?"

"ಫ್ಯಾಶನ್ ಬೇ ಅದು."

"ಹಂಗಾದ್ರ ನಮ್ಮನಿಯಾಗ ಒಂದು ಗಂಟು ಫ್ಯಾಶನ್ ಬಿದ್ದೈತ್ರಿ. ತಂದು ಕೊಡ್ಲೇನು?"

ನಾವೆಲ್ಲ ನಕ್ಕೆವು. ಅವರು ನಗಲಿಲ್ಲ. ಆಕೆಗೆ ಹರಿಯದ ಪ್ಯಾಂಟು ಕೊಟ್ಟು ಕಳಿಸಿದರು.

ಈಗ ಆ ಗಾಯ ಮಾಡಿದ ಕಲ್ಲಿನ ವಿಷಯ. ಜವಳಗೇರಾ ದಾಟಿ ಕಾಲುವೆ ಬದಿಯ ಒಂದು ಊರಲ್ಲಿ ಮದುವೆಯ ಆರತಕ್ಷತೆ. ಸಂಜೆಯ ಹೊತ್ತು. ನಾನು ಒಂದು ತತ್ವಪದ ಹಾಡುತ್ತಿದ್ದೆ. ಮುಂದೆ ಕುಳಿತ ಕೆಲವು ಹುಡುಗರು ಕುಡಿದು ಬಂದಿದ್ದರು, ಕುಣಿಯುವ ಹಾಡು ಬೇಕೆಂದು ಕೂಗುತ್ತಿದ್ದರು. ಅಂಥವರನ್ನು ಸಂಭಾಳಿಸುವುದು ನಮಗೆ ಹೊಸದಲ್ಲ. ಒಂದು ನುಡಿ ಬಿಟ್ಟು ಹಾಡು ಮುಗಿಸಿ, ಅವರ ಹಾಡಿಗೆ ಇಳಿದರೆ ಆಯಿತು. ನಾನು ಹಾಗೇ ಮಾಡಲಿದ್ದೆ. ಮಾಸ್ಟರ್ ನನ್ನ ಕೈಯಿಂದ ಮೈಕು ತೆಗೆದುಕೊಂಡರು.

"ಸಂಗೀತ ತಿಳದೋರು ಕುಂದರ್ರಿ. ತಿಳೀದೋರು ಎದ್ದು ಹೊಲಕ್ಕ ಹೋಗ್ರಿ, ದನಾ ಕಾಯ್ರಿ."

ಮೈಕು ನನ್ನ ಕೈಗೆ ವಾಪಸು ಬಂದ ಮೇಲೆ ಕಲ್ಲು ಬಂತು. ಅವರ ಮಾತಿಗೆ ಬಂದ ಕಲ್ಲು, ಬಿದ್ದದ್ದು ನನ್ನ ಹಣೆಗೆ. ಕಣ್ಣೊಳಗೆ ರಕ್ತ ಇಳಿಯಿತು. ತಲೆಗೆ ಟವೆಲ್ಲು ಸುತ್ತಿ ನನ್ನನ್ನು ಎತ್ತಿಕೊಂಡು ಹೋದವನು ನಮ್ಮ ಬೇಸ್ ಗಿಟಾರಿನವ, ನಿರಾಶ್ರಿತರ ಆರ್.ಎಚ್. ಕ್ಯಾಂಪಿನ ಬಂಗಾಲಿ. ನಾವೆಲ್ಲ ಅವನನ್ನು ದಾದಾ ಎನ್ನುತ್ತಿದ್ದೆವು. ಅವನ ಹೆಗಲ ಮೇಲಿಂದ ನಾನು ಒಂದು ಸಲ ಹಿಂದೆ ನೋಡಿದೆ. ಮಾಸ್ಟರ್ ದೊಡ್ಡ ಸೌಂಡ್ ಬಾಕ್ಸಿನ ಹಿಂದೆ ಮೊಣಕಾಲೂರಿ ಕುಳಿತಿದ್ದರು. ಕಪ್ಪು ಕೂದಲು ಮಾತ್ರ ಕಾಣುತ್ತಿತ್ತು. ಆಸ್ಪತ್ರೆಯಲ್ಲಿ ಹೊಲಿಗೆ ಹಾಕಿದರು. ಗುರುತು ಉಳಿಯಿತು. ಮರುದಿನ ಮಾಸ್ಟರ್ ಹಣ್ಣು, ಬ್ರೆಡ್ಡು, ಒಂದು ರೇಷ್ಮೆ ಸೀರೆ ತೆಗೆದುಕೊಂಡು ಮಸ್ಕಿಗೆ ಬಂದರು. ಬೆಳೆ, ಮಳೆ, ಬಸ್ಸು ಎಲ್ಲದರ ಬಗ್ಗೆಯೂ ಮಾತಾಡಿದರು. ಕಲ್ಲಿನ ಬಗ್ಗೆ ಒಂದು ಮಾತಿಲ್ಲ.

ಅವರ ಆ ಹೊತ್ತಿನ ಗಿಟಾರು ಒಂದು ಅಗ್ಗದ ಸಾಮಾನು. ಹರೆಯದಲ್ಲಿ ಹೈದರಾಬಾದಿನಿಂದ ತಂದದ್ದು. ಬಾರಿಸಿ ಬಾರಿಸಿ ಅದರ ಎದೆಯ ಬಣ್ಣ ಹೋಗಿ ಕಟ್ಟಿಗೆ ಕಾಣುತ್ತಿತ್ತು. ಮೊಣಕೈ ಊರುವ ಜಾಗ ತವೆಯ ಹಿಡಿಕೆಯಂತೆ ನುಣುಪಾಗಿತ್ತು. ಅದರಿಂದ ಅವರು ತೆಗೆಯುತ್ತಿದ್ದ ನಾದವನ್ನು ನಾನು ಆಮೇಲೆ ಯಾವ ಗಿಟಾರಿನಿಂದಲೂ ಕೇಳಿಲ್ಲ, ಅವರ ಕೈಯಿಂದಲೂ ಕೇಳಿಲ್ಲ. "ಭಿಕಾರಿ ಕಂಡಂಗ ಕಾಣ್ತೈತಿ" ಎಂದು ಬೇಸರಪಟ್ಟುಕೊಂಡು ಅದನ್ನು ಗುಜರಿಯವನಿಗೆ ಹಾಕಿದರು. ಮರುವರ್ಷ ಅದಕ್ಕಿಂತ ಭಿಕಾರಿಯಾದ ಇನ್ನೊಂದನ್ನು ತರಿಸಿದರು.

ಅದು ಬಂದ ದಿನ ಇನ್ನೂ ಕಣ್ಣ ಮುಂದಿದೆ. ಅಂಗಡಿಯ ಹಿಂದಿನ ಕೋಣೆಯಲ್ಲಿ ನಾವೆಲ್ಲ ಸುತ್ತ ನಿಂತಿದ್ದೆವು. ಪೆಟ್ಟಿಗೆ ಬಿಚ್ಚಿದರೆ ಒಳಗೆ ಕೆಂಪು ಗಿಟಾರು, ಆದರೆ ಕೆಂಪು ಅರ್ಧಕ್ಕರ್ಧ ಕಿತ್ತುಹೋಗಿದೆ. ಸ್ಕ್ರೂಗಳಿಗೆ ತುಕ್ಕು. ಕುತ್ತಿಗೆಯ ತುದಿಯಲ್ಲಿ ಸಿಗರೇಟು ಸುಟ್ಟ ಕಲೆ. ಅಂಚಿನಲ್ಲಿ ಒಂದು ಕವಡೆಯಷ್ಟು ಕುಳಿ. ಚಹಾ ತಂದ ಅಕ್ಕ, ಅಂದರೆ ಮಾಸ್ಟರ್ ಹೆಂಡತಿ, ಬಗ್ಗಿ ನೋಡಿ ಗಾಬರಿಯಾದರು.

"ಯಪ್ಪಾ, ಒಡದದ್ದು ಕಳಿಸ್ಯಾರ ನೋಡ್ರಿ. ಇವತ್ತ ವಾಪಸ್ ಕಳಿಸ್ರಿ."

"ನಿನಗ ತಿಳೆಂಗಿಲ್ಲ ಬಿಡು. ಇದು ಹೊಸಾದು."

ಹೊಸದೇ. ಕಾರ್ಖಾನೆಯಲ್ಲಿ ಹೊಸದಾಗಿ ಮಾಡಿ, ಆಮೇಲೆ ಪಗಾರ ಕೊಟ್ಟು ಜನರನ್ನು ಇಟ್ಟುಕೊಂಡು ಅದನ್ನು ಕೆಡಿಸುತ್ತಾರೆ. ಕೆರೆಯುತ್ತಾರೆ, ತಿಕ್ಕುತ್ತಾರೆ, ಸುಡುತ್ತಾರೆ, ಸ್ಕ್ರೂಗಳನ್ನು ಯಾವುದೋ ದ್ರಾವಣದಲ್ಲಿ ನೆನೆಹಾಕಿ ತುಕ್ಕು ಬರಿಸುತ್ತಾರೆ. ಕೆಡಿಸಿದ್ದಕ್ಕೆ ಬೆಲೆ ದುಪ್ಪಟ್ಟು. ಮುಟ್ಟಿದರೆ ಹಳೆಯ ಗೆಳೆಯನ ಕೈ ಹಿಡಿದ ಹಾಗಾಗುತ್ತದೆ, ಹೊಸದರ ಬಿಗಿ ಇರುವುದಿಲ್ಲ, ಗೀರು ಬಿದ್ದೀತೆಂಬ ಹೆದರಿಕೆಯಿಲ್ಲದೆ ಬಾರಿಸಬಹುದು ಎಂದು ಮಾಸ್ಟರ್ ನಮಗೆ ವಿವರಿಸಿದರು. ಕೇಳುವಾಗ ನನಗೂ ಒಂದು ಗಳಿಗೆ ಹೌದೆನಿಸಿತು. ಕೈಯಲ್ಲಿ ಹಿಡಿದಾಗ ಅದು ಚೆಂದವೇ ಇತ್ತು, ಸುಳ್ಳು ಯಾಕೆ ಹೇಳಲಿ. ಅದರ ಬೆಲೆ ಕೇಳಿದ ಮೇಲೆ ದಾದಾ ಮೆಲ್ಲಗೆ ತನ್ನ ಬೇಸ್ ಗಿಟಾರನ್ನು ಚೀಲಕ್ಕೆ ಸೇರಿಸಿದ. ಅವನದು ನಿಜವಾಗಿ ಹಳೆಯದು. ಅವನ ಅಣ್ಣ ಬಾರಿಸಿ ಇವನಿಗೆ ಕೊಟ್ಟದ್ದು. ಬೆವರಿಗೆ ಬಣ್ಣ ಹೋದ ಜಾಗಗಳಿಗೆಲ್ಲ ಅವನು ನಾಚಿಕೆಯಿಂದ ಹೂವಿನ ಸ್ಟಿಕರು ಅಂಟಿಸಿದ್ದ.

"ದಾದಾ, ಆ ಸ್ಟಿಕರ್ ಕಿತ್ತು ಹಾಕು. ಲಕ್ಷಾಧೀಶ ಆಗ್ತಿ" ಎಂದೆ.

"ಬ್ಯಾಡ ತಂಗಿ. ಕಿತ್ರ ಖರೇನ ಬಡವ ಅಂತ ತಿಳೀತಾರ" ಎಂದ.

ಕೈ ಕೆಸರಾದರೆ ಬಾಯಿ ಮೊಸರು ಎನ್ನುತ್ತಾರೆ. ನಮ್ಮ ಮಾಸ್ಟರ್ ಕೆಸರನ್ನೂ ಅಂಗಡಿಯಿಂದ ಕೊಂಡು ಹಚ್ಚಿಕೊಂಡವರು. ಅಷ್ಟಾದರೂ ಬಾರಿಸಿದರೆ ಸರಿ. ಇಲ್ಲ. ಹೆದರಿಕೆಯಿಲ್ಲದೆ ಬಾರಿಸಬಹುದು ಎಂದವರು ಅದನ್ನು ಮುಟ್ಟಲು ಹೆದರಿದರು. ಬೆವರು ತಗುಲಿದರೆ ಇನ್ನಷ್ಟು ಬಣ್ಣ ಹೋದೀತು, ಕಾರ್ಖಾನೆಯವರು ಎಷ್ಟು ಕೆಡಿಸಿದ್ದಾರೋ ಅಷ್ಟೇ ಕೆಟ್ಟಿರಬೇಕು. ಮೆತ್ತನೆಯ ಬಟ್ಟೆಯಲ್ಲಿ ತುಕ್ಕನ್ನು ಒರೆಸುತ್ತಿದ್ದರು, ಆದರೆ ತುಕ್ಕು ಹೋಗದ ಹಾಗೆ. ವೇದಿಕೆಯ ಮೇಲೆ ಸ್ಟ್ಯಾಂಡಿನಲ್ಲಿ ನಿಲ್ಲಿಸಿ, ಬೇರೊಂದು ಗಿಟಾರು ಬಾರಿಸುತ್ತಿದ್ದರು. ಮುಪ್ಪನ್ನು ದುಡ್ಡು ಕೊಟ್ಟು ತಂದು, ಮತ್ತೆ ಮುಪ್ಪಾಗದಂತೆ ಕಾಯುವವರನ್ನು ನಾನು ಆವರೆಗೆ ನೋಡಿರಲಿಲ್ಲ.

ಹಾಗಾದರೆ ಅದನ್ನು ತಂದದ್ದೇಕೆ? ಕಥೆ ಹೇಳಲಿಕ್ಕೆ. ಹಾಡು ಹಾಡಿನ ನಡುವೆ ಅದನ್ನೆತ್ತಿ ತೋರಿಸುತ್ತಿದ್ದರು. ಈ ಸುಟ್ಟ ಕಲೆ ಒಂದು ದೊಡ್ಡ ಕಾರ್ಯಕ್ರಮದಲ್ಲಿ ಊದಿನಕಡ್ಡಿ ತಗುಲಿ ಆದದ್ದು, ಈ ತುಕ್ಕು ಮಳೆಯಲ್ಲಿ ನಿಂತು ಬಾರಿಸಿದಾಗ ಬಂದದ್ದು. "ಕಲಾವಿದ ಅಂದ್ರ ಸವೀಬೇಕು" ಎನ್ನುವುದು ಅವರ ಪ್ರೀತಿಯ ಮಾತಾಯಿತು. ಎತ್ತು ಈಯಿತು ಅಂದರೆ ಕೊಟ್ಟಿಗೆಗೆ ಕಟ್ಟು ಎನ್ನುವ ಜನ, ಚಪ್ಪಾಳೆ ತಟ್ಟುತ್ತಿದ್ದರು. ನಾನೂ ಹಿಂದೆ ನಿಂತು ಮುಸಿಮುಸಿ ನಗುತ್ತಿದ್ದೆ. ಅದು ಅವರ ಗಿಟಾರು, ಅವರ ಬಾಯಿ.

ಲಿಂಗಸುಗೂರಿನ ಒಂದು ಕಾರ್ಯಕ್ರಮದಲ್ಲಿ ಅವರು ಕುಳಿಯ ಮೇಲೆ ಬೆರಳಿಟ್ಟರು.

"ಈ ಹುಡುಗಿ ನೋಡ್ರಿ, ನನ್ನ ತಂಗಿ ಇದ್ದಂಗ. ಒಂದು ಕಡೆ ಹಾಡುವಾಗ ಕಲ್ಲು ಬಂತು. ನಾ ಗಿಟಾರ್ ಅಡ್ಡ ಹಿಡದೆ. ಕಲ್ಲು ಇಲ್ಲಿ ಬಡದು ಸಿಡದು ಆಕಿ ಹಣೀಗೆ ಜರಾ ತಾಗ್ತು. ಇಲ್ಲಂದ್ರ ಕಣ್ಣ ಹೋಗ್ತಿತ್ತು."

ಜನರೆಲ್ಲ ನನ್ನ ಹಣೆ ನೋಡಿದರು. ಮುಂದಿನ ಸಾಲಿನ ಒಬ್ಬ ಮುದುಕಿ ಎರಡೂ ಕೈಯೆತ್ತಿ ಮಾಸ್ಟರಿಗೆ ಮುಗಿದಳು. ಮುಂದಿನ ಹಾಡು ನನ್ನದೇ ಇತ್ತು, ಹಾಡಿದೆ. ಏನು ಹಾಡಿದೆನೋ ನೆನಪಿಲ್ಲ. ಮಸ್ಕಿಯ ದಾರಿಯಲ್ಲಿ ಕೇಳಿದೆ:

"ಮಾಸ್ಟರ್, ಕಲ್ಲು ಬಿದ್ದಾಗ ಆ ಗಿಟಾರ್ ಎಲ್ಲಿತ್ತುರೀ?"

ಅವರು ರಸ್ತೆಯಿಂದ ಕಣ್ಣು ತೆಗೆಯಲಿಲ್ಲ. "ಜನಕ್ಕ ಕಥಿ ಬೇಕು ತಂಗಿ. ಅದರಾಗ ನಿಂದೂ ಹೆಸರು ಬಂತಲ್ಲ" ಎಂದರು.

ನನ್ನ ರಕ್ತ, ಅವರ ಕಥೆ, ಮೇಲೆ ನನಗೇ ಉಪಕಾರ. ಅಲ್ಲಿಂದ ಮುಂದೆ ಪ್ರತಿ ಕಾರ್ಯಕ್ರಮದಲ್ಲೂ ಕುಳಿಯ ಕಥೆ ಬಂತು. ಬರುತ್ತ ಬರುತ್ತ ಕಲ್ಲು ದೊಡ್ಡದಾಯಿತು, ನನ್ನ ಗಾಯ ಸಣ್ಣದಾಯಿತು. ಸ್ವಲ್ಪ ದಿನಕ್ಕೆ ನನಗೆ ಲಿಂಗಸುಗೂರಿನ ಒಂದು ಶಾಲೆಯಲ್ಲಿ ಕೆಲಸ ಸಿಕ್ಕಿತು. ಅದನ್ನೇ ನೆಪ ಮಾಡಿ ತಂಡ ಬಿಟ್ಟೆ. ಅಕ್ಕನ ಮೇಲಿನ ಪ್ರೀತಿಗೆ ದಸರೆಗೆ ಬನ್ನಿ ಕೊಡಲು ಹೋಗುವುದನ್ನು ಮಾತ್ರ ಬಿಡಲಿಲ್ಲ.

ಅಂಥ ಒಂದು ದಸರೆಯಲ್ಲೇ ಆ ಗಿಟಾರಿನ ಗತಿಯಾಯಿತು. ಮಹಾನವಮಿಯ ಖಂಡೆ ಪೂಜೆಗೆ, ಅಂದರೆ ಆಯುಧಪೂಜೆಗೆ, ನಮ್ಮ ಕಡೆ ದುಡಿಯುವ ಸಾಮಾನು ಯಾವುದೂ ಕೊಳಕಾಗಿ ಇರಬಾರದು. ಕುಡಗೋಲಿನಿಂದ ಹಿಡಿದು ಟ್ರ್ಯಾಕ್ಟರಿನ ತನಕ ತೊಳೆದು, ಬಣ್ಣ ಹಚ್ಚಿ, ಹೂ ಏರಿಸಬೇಕು. ಬಣ್ಣ ಕಿತ್ತುಹೋದ ಸಾಮಾನನ್ನು ಪೂಜೆಗೆ ಇಟ್ಟರೆ ಆ ಮನೆಯ ಹೆಂಗಸಿನ ಮೇಲೆ ಮಾತು ಬರುತ್ತದೆ. ಮಾಸ್ಟರ್ ಹಬ್ಬದ ಮಾಲು ತರಲು ಸೂರತ್ತಿಗೆ ಹೋಗಿದ್ದರು. ಅಕ್ಕ ಹಬ್ಬದ ಸಡಗರದಲ್ಲಿ ಆ ಗಿಟಾರನ್ನು ನೋಡಿದರು. ಇಷ್ಟು ದುಡ್ಡು ಕೊಟ್ಟು ತಂದ ಸಾಮಾನು, ಯಾರೂ ರಿಪೇರಿ ಮಾಡಿಸಿಲ್ಲ, ಗಂಡ ಅದರ ಚಿಂತೆಯಲ್ಲೇ ಅದನ್ನು ಬಾರಿಸುತ್ತಿಲ್ಲ ಎಂದುಕೊಂಡರು ಪಾಪ. ಟ್ರ್ಯಾಲಿಗಳಿಗೆ ಬಣ್ಣ ಹಚ್ಚುವ ಪೇಂಟರನನ್ನು ಕರೆಸಿ ಕೊಟ್ಟುಬಿಟ್ಟರು.

ಆ ಪೇಂಟರ ಬಹಳ ಪ್ರಾಮಾಣಿಕ ಮನುಷ್ಯ. ಕುಳಿಗೆ ಪುಟ್ಟಿ ತುಂಬಿದ. ಸುಟ್ಟ ಕಲೆಯನ್ನು ಉಜ್ಜಿ ತೆಗೆದ. ತುಕ್ಕು ಹಿಡಿದ ಸ್ಕ್ರೂಗಳನ್ನೆಲ್ಲ ಬಿಸಾಕಿ ಹೊಳೆಯುವ ಹೊಸ ಸ್ಕ್ರೂ ಹಾಕಿದ. ಟ್ರ್ಯಾಕ್ಟರಿಗೆ ಹೊಡೆಯುವ ಕೆಂಪು ಬಣ್ಣವನ್ನು ಎರಡು ಕೈ ಹೊಡೆದು, ಅಂಚಿಗೆ ಹಳದಿ ಗೆರೆ ಎಳೆದು, ನಡುವೆ ಒಂದು ಕಮಲ ಬರೆದು, ಹಿಂದೆ "ಶ್ರೀ ಬಸವೇಶ್ವರ ಪ್ರಸನ್ನ" ಎಂದು ದಪ್ಪ ಅಕ್ಷರದಲ್ಲಿ ಬರೆದುಕೊಟ್ಟ.

ನಾನು ಬನ್ನಿ ಹಿಡಿದು ಹೋದಾಗ ಅದು ಮಣೆಯ ಮೇಲೆ ಚೆಂಡುಹೂವು, ವಿಭೂತಿ, ನಿಂಬೆಹಣ್ಣುಗಳ ನಡುವೆ ಬೆಳಗುತ್ತಿತ್ತು. ಸೂರತ್ತಿನಿಂದ ಮರಳಿದ್ದ ಮಾಸ್ಟರ್ ಅದರೆದುರು ಗೋಡೆಗೆ ಆತು ಕುಳಿತಿದ್ದರು. ಬನ್ನಿ ಕೊಡಲು ಬಂದವರೆಲ್ಲ "ಈಗ ನೋಡ್ರಿ ಲಕ್ಷಣ ಆತು", "ಸಾಹುಕಾರ್ರು ಹೊಸಾ ಗಿಟಾರ್ ತಂದಾರ" ಎಂದು ಹೊಗಳುತ್ತಿದ್ದರು. ಮಾಸ್ಟರ್ "ಬಂಗಾರ ತಗೊಂಡು ಬಂಗಾರದಂಗ ಇರೂಣು" ಎನ್ನುತ್ತ ಎಲ್ಲರ ಕೈಗೂ ಬನ್ನಿ ಎಲೆ ಕೊಡುತ್ತಿದ್ದರು, ಧ್ವನಿಯೇ ಇರಲಿಲ್ಲ. ನಾನು ಹಿತ್ತಲಿಗೆ ಹೋಗಿ ಹೊಟ್ಟೆ ಹಿಡಿದುಕೊಂಡು ನಕ್ಕೆ. ಇಷ್ಟು ದಿನದ ಸಿಟ್ಟು ಆ ನಗುವಿನಲ್ಲಿ ಅರ್ಧ ತೀರಿತು.

ಅವರು ಪೇಂಟರನನ್ನು ಕರೆಸಿ, ಮತ್ತೆ ಮೊದಲಿನ ಹಾಗೆ ಹಳೆಯದು ಮಾಡಲು ಬರುತ್ತದೆಯೇ ಎಂದು ಕೇಳಿದರಂತೆ. ಅವನು ಹೇಳಿದ ಮಾತು ಸಿಂಧನೂರಿನ ಬಜಾರಿನಲ್ಲೆಲ್ಲ ಓಡಾಡಿತು: "ಹೊಸಾದು ಮಾಡೋದು ನನ್ನ ಕೆಲಸರೀ. ಹಳೇದು ಮಾಡೋದು ನಿಮ್ಮ ಕೆಲಸ. ದಿನಾ ಬಾರಸ್ರಿ, ಆಗ್ತೈತಿ."

ಅವರು ಬಾರಿಸಲಿಲ್ಲ. ಅದಕ್ಕೆ ಗವಸು ಹಾಕಿ ಅಟ್ಟಕ್ಕೇರಿಸಿದರು. ಅಕ್ಕನ ಜೊತೆ ದೀಪಾವಳಿಯ ತನಕ ಮಾತು ಬಿಟ್ಟರು. ಕುಳಿ ಮುಚ್ಚಿತು, ಇನ್ನು ಕಥೆಯೂ ನಿಂತೀತು ಎಂದು ನಾನು ನೆಮ್ಮದಿಯಾಗಿದ್ದೆ. ಎಲ್ಲಿಯ ಮಾತು. ಅವರು ಗಿಟಾರಿಲ್ಲದೆಯೇ ಕಥೆ ಮುಂದುವರಿಸಿದರು ಎಂದು ದಾದಾ ಹೇಳುತ್ತಿದ್ದ. ಗುರುತು ಬಣ್ಣದ ಕೆಳಗಿದೆ, ಕೈಯಾಡಿಸಿದರೆ ತಿಳಿಯುತ್ತದೆ ಎನ್ನುತ್ತಿದ್ದರಂತೆ. ಸುಳ್ಳಿಗೆ ಸಾಕ್ಷಿ ಬೇಕಾಗುವುದು ಶುರುವಿನಲ್ಲಿ ಮಾತ್ರ.

ಹೋದ ತಿಂಗಳು ಅಂಗಡಿಯ ಗಾದಿಯ ಮೇಲೆ ಕುಳಿತಲ್ಲೇ ಎದೆನೋವು ಬಂದು ಹೋದರು. ನುಡಿನಮನದ ವೇದಿಕೆಯಲ್ಲಿ ಅವರ ಫೋಟೋದ ಪಕ್ಕ ಆ ಕೆಂಪು ಗಿಟಾರಿಗೂ ಹಾರ ಹಾಕಿ ನಿಲ್ಲಿಸಿದ್ದರು. ನಿರೂಪಣೆ ಮಾಡುತ್ತಿದ್ದವರು ಅದನ್ನು ತೋರಿಸಿ, ನನ್ನನ್ನೂ ತೋರಿಸಿ, ಇಡೀ ಕಥೆಯನ್ನು ಹೇಳಿದರು. ಕೊನೆಗೆ, "ತನ್ನ ವಾದ್ಯವನ್ನೇ ಗುರಾಣಿ ಮಾಡಿ ಒಬ್ಬ ಹೆಣ್ಣುಮಗಳ ಜೀವ ಉಳಿಸಿದ ಮಹಾನುಭಾವರು. ಆ ಸೋದರಿಯೇ ಈಗ ಎರಡು ಮಾತಾಡುತ್ತಾರೆ" ಎಂದು ಮೈಕು ನನ್ನ ಕೈಗಿತ್ತರು.

ಹೊಗಳಿ ಕೆಳಗಿಳಿಯಬೇಕೆಂದೇ ಹೋಗಿದ್ದೆ. ಕಿವಿಯ ಬಗ್ಗೆ ಹೇಳಿದೆ. ಮನೆಯ ತನಕ ಬಿಟ್ಟು ಬರುತ್ತಿದ್ದುದನ್ನು ಹೇಳಿದೆ. ಆಮೇಲೆ ನನ್ನ ಬಾಯಿ ತಡೆಯಲಿಲ್ಲ. "ಈ ಗಿಟಾರ್ ಬಂದಿದ್ದು ಕಲ್ಲು ಬಿದ್ದ ಮರುವರ್ಷರೀ. ಆ ಕುಳಿ ಕಾರ್ಖಾನ್ಯಾಗ ಮಾಡಿದ್ದು. ಕಲ್ಲು ನೆಟ್ಟಗ ನನಗ ಬಿತ್ತು, ನಡುವ ಯಾರೂ ಇದ್ದಿಲ್ಲ" ಎಂದೆ.

ನಿರೂಪಕರು ಮೆಲ್ಲಗೆ ಮೈಕು ಇಸಿದುಕೊಂಡು, "ನಮ್ಮ ಸೋದರಿ ಭಾಳ ದುಃಖದಾಗ ಅದಾರ, ಏನು ಮಾತಾಡಾಕತ್ತೀನಿ ಅನ್ನೋದು ತಿಳಿವಲ್ದು" ಎಂದರು. ಜನ ಮರುಗಿ ಲೊಚಗುಟ್ಟಿದರು. ಒಬ್ಬರು ನೀರು ತಂದುಕೊಟ್ಟರು. ನಿಜ ಹೇಳಿದ್ದಕ್ಕೆ ನನಗೆ ಸಿಕ್ಕಿದ್ದು ಒಂದು ಲೋಟ ನೀರು.

ಕಾರ್ಯಕ್ರಮ ಮುಗಿದ ಮೇಲೆ ಅಕ್ಕ ನನ್ನನ್ನು ಮನೆಗೆ ಕರೆದೊಯ್ದು ಒಳಕೋಣೆಯಲ್ಲಿ ಕೂಡಿಸಿದರು. ಬೈಯುತ್ತಾರೆ, ಬೈಯಲಿ ಎಂದುಕೊಂಡೆ.

"ನೀ ಹೇಳಿದ್ದು ಖರೆ ಐತಿ" ಎಂದರು. "ಕಲ್ಲು ಬಿದ್ದ ದಿನ ಮನಿಗೆ ಬಂದು ಊಟ ಮಾಡ್ಲಿಲ್ಲ. ದೇವರ ಜಗಲಿ ಮುಂದ ಕುಂತು ಸಣ್ಣ ಹುಡುಗ್ರು ಅತ್ತಂಗ ಅತ್ರು. 'ನಾ ಆಡಿದ ಮಾತಿಗೆ ಬಂದ ಕಲ್ಲು, ನನಗ ಬೀಳಬೇಕಾಗಿತ್ತು, ನಾ ಹೋಗಿ ಅಡಗಿ ಕುಂತೆ' ಅಂದ್ರು. ಆ ಹುಡುಗಿ ಮುಂದ ಇದನ್ನ ಹೇಳ್ರಿ ಅಂತ ಎಷ್ಟು ಬಡಕೊಂಡೆ. ಹೇಳಾಕಂತನ ಮಸ್ಕಿಗೆ ಬಂದಿದ್ರು. ಬಾಯಿ ಬರ್ಲಿಲ್ಲಂತ. ಆಮ್ಯಾಲೆ ಈ ಗಿಟಾರ್ ಬಂತು, ಆ ಕಥಿ ಕಟ್ಟಿದ್ರು. ಹೇಳಿ ಹೇಳಿ ಕಡೀಕ ಅವರಿಗೇ ಅದು ಖರೆ ಆಗಿಬಿಟ್ಟಿತ್ತು ತಂಗಿ. ಗಿಟಾರ್ ಅಡ್ಡ ಹಿಡದಂಗ ಕನಸು ಬೀಳ್ತಿತ್ತಂತ."

ನನಗೆ ಅಳು ಬರಲಿಲ್ಲ. ಸಿಟ್ಟು ಬಂತು. ಇಷ್ಟು ವರ್ಷ ನಾನು ಅವರನ್ನು ನಾಚಿಕೆಯಿಲ್ಲದವರು ಎಂದುಕೊಂಡು ಹಾಯಾಗಿ ಬೈಯುತ್ತಿದ್ದೆ. ನಾಚಿಕೆಯಿತ್ತು ಎಂದು ಈಗ ಹೇಳಿದರೆ ನಾನು ಯಾರನ್ನು ಬೈಯಬೇಕು?

"ಅಕ್ಕಾ, ಅಡಗಿ ಕುಂತಿದ್ದಕ್ಕ ನಾ ಯಾವತ್ತೂ ಸಿಟ್ಟಾಗಿದ್ದಿಲ್ಲ" ಎಂದೆ. "ಕಲ್ಲು ಬಂದ್ರ ಯಾರಾದ್ರೂ ಅಡಗತಾರ. ನಾನೂ ಅಡಗತಿದ್ದೆ."

"ಈ ಮಾತು ಅವರ ಮುಂದ ಒಮ್ಮೆ ಅಂದಿದ್ರ ಸಾಕಾಗಿತ್ತವಾ" ಎಂದರು ಅಕ್ಕ.

"ಕೇಳಿದ್ರ ಅಂತಿದ್ದೆ" ಎಂದೆ. ಮಾಸ್ಟರ್ ಎಂದೂ ಕೇಳಲಿಲ್ಲ.